ಹೊಳಿ ನೀರು ಹೊಕ್ಕ ಹಳೆ ಕಾರು: ಉಳಿಸಬೇಕೋ, ಬಿಡಬೇಕೋ?

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಗೋಕಾಕದೊಳಗೆ ನುಗ್ಗಿದಾಗ ನಮ್ಮ ಸೋದರಮಾವನ ಅಂಬಾಸಡರ್ ಮನೆ ಮುಂದಿನ ಪತ್ರಾಸ್ ಶೆಡ್ಡಿನಲ್ಲಿ ನಿಂತಿತ್ತು. 1978ರ ಮಾರ್ಕ್ 3, ಬಿಳಿ ಬಣ್ಣದ್ದು. ಮನೆಯವರು ದನ ಬಿಚ್ಚಿದರು, ಜೋಳದ ಚೀಲ ಮಾಳಿಗೆಗೆ ಏರಿಸಿದರು, ಕಾಗದಪತ್ರದ ಟ್ರಂಕು ಹೊತ್ತು ಹೊರಟರು. ಕಾರಿನ ಬ್ಯಾಟರಿ ಆಗಲೇ ಸತ್ತಿತ್ತು, ಹಾಗಾಗಿ ಅದು ಅಲ್ಲೇ ಉಳಿಯಿತು. ಮೂರು ದಿನ ನೀರಿನಲ್ಲಿ ಮುಳುಗಿತ್ತು. ನೀರಿಳಿದ ಮೇಲೆ ಹೋಗಿ ನೋಡಿದರೆ ಛಾವಣಿಯ ಮೇಲೂ ರಾಡಿ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಮಾವನ ಕನ್ನಡಕದ ಡಬ್ಬಿ ಸಿಕ್ಕಿತು. ತೆರೆದರೆ ಒಳಗೆ ಕರಿ ಕೆಸರು, ಕೈಯಿಂದ ಒತ್ತಿ ತುಂಬಿದ ಹಾಗೆ.

ಅದೇ ವಾರ ಮುಧೋಳದ ಕಡೆ ಗೆಳೆಯನೊಬ್ಬನ ಪ್ರೀಮಿಯರ್ ಪದ್ಮಿನಿಗೂ ನೀರು ಹೊಕ್ಕಿತ್ತು. ಆದರೆ ಅದಕ್ಕೆ ಬಂದಿದ್ದು ಸೀಟಿನ ಮಟ್ಟಕ್ಕೆ ಮಾತ್ರ, ಅದೂ ಒಂದು ರಾತ್ರಿ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಪದ್ಮಿನಿ ಉಳಿಯುತ್ತದೆ, ಅಂಬಾಸಡರ್ ಭಂಗಾರಕ್ಕೆ, ಅಂದರೆ ಗುಜರಿಗೆ ಹೋಗುತ್ತದೆ. ಆಗಿದ್ದು ಉಲ್ಟಾ. ಅಂಬಾಸಡರ್ ಈಗಲೂ ಓಡುತ್ತದೆ. ಪದ್ಮಿನಿಯನ್ನು ಬಿಚ್ಚಿ ಬಿಡಿಭಾಗ ಮಾಡಿ ಮಾರಬೇಕಾಯಿತು.

ಈಗಿನ ಕಾರುಗಳಿಗೆ ನೀರು ಎಷ್ಟು ಎತ್ತರ ಬಂತು ಅನ್ನೋದೇ ದೊಡ್ಡ ಪ್ರಶ್ನೆ. ಡ್ಯಾಶ್‌ಬೋರ್ಡ್ ಮುಳುಗಿತು ಅಂದರೆ ಕಂಪ್ಯೂಟರ್, ಏರ್‌ಬ್ಯಾಗ್, ಸೆನ್ಸರ್ ಎಲ್ಲ ಹೋಯಿತು ಅಂತಲೇ ಅರ್ಥ. ಹಳೆ ಗಾಡಿಗೆ ಆ ಅಳತೆ ಸಲ್ಲದು. ಕಾರ್ಬೊರೇಟರ್, ಡೈನಮೋ, ಪಾಯಿಂಟ್, ಡ್ರಮ್ ಬ್ರೇಕ್, ಇವೆಲ್ಲ ಬಿಚ್ಚಿ, ತೊಳೆದು, ಒಣಗಿಸಿ ಮತ್ತೆ ಜೋಡಿಸಬಹುದಾದ ಸಾಮಾನು. ಇಲ್ಲಿ ನೋಡಬೇಕಾದದ್ದು ಬೇರೆ. ನೀರು ಬರುವ ಮೊದಲು ಪತ್ರಾ, ಅಂದರೆ ಬಾಡಿಯ ತಗಡು ಹೇಗಿತ್ತು? ರಾಡಿಯನ್ನು ಹಸಿ ಇದ್ದಾಗಲೇ ತೊಳೆದರಾ? ನಡುವೆ ಯಾರಾದರೂ ಕೀಲಿ ತಿರುಗಿಸಿದರಾ? ಇವು ಮೂರಕ್ಕೆ ಉತ್ತರ ಸಿಕ್ಕರೆ ಉಳಿಸಬೇಕೋ ಬಿಡಬೇಕೋ ಅನ್ನೋದು ಮುಕ್ಕಾಲು ಪಾಲು ಗೊತ್ತಾದ ಹಾಗೇ.

ಮೊದಲ ದಿನ: ಕೀಲಿ ಮುಟ್ಟಬೇಡಿ

ನೀರಿಳಿದ ತಕ್ಷಣ ಎಲ್ಲರಿಗೂ ಬರುವ ಆಸೆ ಒಂದೇ: ಸುಮ್ನೆ ಒಂದು ಸಲ ಸ್ಟಾರ್ಟ್ ಮಾಡಿ ನೋಡೋಣ. ದಯವಿಟ್ಟು ಮಾಡಬೇಡಿ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರ್ ತುಂಬ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಂದ್ ಇದ್ದಾಗ ಮುಳುಗಿದ ಕಾರಿಗೆ ಈ ಪೆಟ್ಟು ಬಿದ್ದಿರುವುದಿಲ್ಲ. ನೀರಿನಲ್ಲಿ ಓಡಿಸುತ್ತಾ ನಿಂತುಹೋದ ಕಾರಿಗೆ ಬಿದ್ದಿರಬಹುದು. ಶೆಡ್ಡಿನಲ್ಲಿ ಮುಳುಗಿದ ಕಾರು ನಿಮ್ಮದಾದರೆ, ಅದರ ಎಂಜಿನ್ ಸದ್ಯಕ್ಕೆ ನೀರು ಕುಡಿದಿದೆ ಅಷ್ಟೇ. ಅದನ್ನು ಮುರಿಯುವ ಕೆಲಸ ನಾವು ಮಾಡೋದು ಬೇಡ.

ಡೀಸೆಲ್ ಅಂಬಾಸಡರ್ ಇದ್ದರೆ ಇನ್ನೂ ಜಾಗ್ರತೆ. ಡೀಸೆಲ್ ಎಂಜಿನ್‌ನಲ್ಲಿ ಒತ್ತಡ ಜಾಸ್ತಿ, ಪಿಸ್ಟನ್ ಮೇಲೆ ಜಾಗ ಕಡಿಮೆ. ಸ್ವಲ್ಪ ನೀರಿದ್ದರೂ ಸಾಕು.

ಬ್ಯಾಟರಿಯ ಅರ್ಥ್ ವೈರ್ ಮೊದಲು ಬಿಚ್ಚಿ. ಹ್ಯಾಂಡ್ ಬ್ರೇಕ್ ಎಳೆದಿದ್ದರೆ ಬಿಡಿ, ಗಾಲಿಗೆ ಕಲ್ಲು ಕೊಡಿ. ಇಲ್ಲದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡು ಕೂರುತ್ತದೆ. ಗ್ಯಾರೇಜಿಗೆ ಒಯ್ಯುವಾಗ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಯಬೇಡಿ. ವೀಲ್ ಬೇರಿಂಗಿನಲ್ಲಿ ರಾಡಿ ಹೊಕ್ಕಿರುತ್ತದೆ, ಹತ್ತು ಕಿಲೋಮೀಟರ್ ಎಳೆದರೆ ಬೇರಿಂಗ್ ತಿಂದು ಹೋಗುತ್ತದೆ. ಬೇರೆ ಗಾಡಿಯ ಮೇಲೆ ಏರಿಸಿಕೊಂಡು ಹೋಗಿ.

ಇನ್ನೊಂದು ಮಾತು. ಬೂಟು ಹಾಕಿ, ಕೈಗೆ ಗ್ಲೌಸ್ ಹಾಕಿ, ಕೋಲಿನಿಂದ ಸೀಟಿನ ಕೆಳಗೆ ಬಡಿದು ನೋಡಿ, ಆಮೇಲೆ ಕೈ ಹಾಕಿ. ಹೊಳಿ ಬಂದಾಗ ಹಾವು ಚೇಳು ಒಣ ಜಾಗ ಹುಡುಕಿಕೊಂಡು ಏರುತ್ತವೆ. ಪೂರ್ತಿ ಮುಳುಗದ ಕಾರಿನ ಡಿಕ್ಕಿ, ಬಾನೆಟ್ಟು ಅವಕ್ಕೆ ಒಳ್ಳೆ ಜಾಗ. ಈ ನೀರಿನಲ್ಲಿ ಗಟಾರದ ನೀರೂ ಸೇರಿರುತ್ತದೆ. ಕೈಗೆ ಗಾಯ ಇದ್ದರೆ ಇಲಿಜ್ವರದ ಭಯ ಇದೆ.

ತೊಳೆಯುವ ಮೊದಲು ಫೋಟೋ

ಇದು ಐದು ನಿಮಿಷದ ಕೆಲಸ. ನೀರಿನ ಗೆರೆ ಎಲ್ಲಿ ಬಂದಿದೆ ಅನ್ನೋದು ಗಾಜಿನ ಮೇಲೆ, ಬಾಗಿಲಿನ ಒಳ ರೆಕ್ಸಿನ್ ಮೇಲೆ ಕಾಣುತ್ತದೆ. ನಾಲ್ಕೂ ಕಡೆಯಿಂದ ಫೋಟೋ, ನಂಬರ್ ಪ್ಲೇಟ್ ಜೊತೆ ಒಂದು, ಒಳಗಿನವು ನಾಲ್ಕು. ಇನ್ಶೂರೆನ್ಸ್ ಕಾಗದ ತೆಗೆದು ನೋಡಿ. ಬರೀ ಥರ್ಡ್ ಪಾರ್ಟಿ ಇದ್ದರೆ ಪ್ರವಾಹದ ನಷ್ಟಕ್ಕೆ ಏನೂ ಸಿಗುವುದಿಲ್ಲ, ಹಳೆ ಕಾರುಗಳದ್ದು ಬಹಳ ಮಟ್ಟಿಗೆ ಅದೇ ಇರುತ್ತದೆ. ಫುಲ್ ಇನ್ಶೂರೆನ್ಸ್ ಇದ್ದರೆ ಮೊದಲು ಕಂಪನಿಗೆ ತಿಳಿಸಿ. ಸರ್ವೇಯರ್ ಬಂದು ನೋಡುವ ತನಕ ಒಂದು ಬೋಲ್ಟೂ ಬಿಚ್ಚಬೇಡಿ, ಆದರೆ ರಾಡಿ ತೊಳೆಯಲು ಫೋನಿನಲ್ಲೇ ಒಪ್ಪಿಗೆ ಕೇಳಿ. ರಿಪೇರಿ ಖರ್ಚು ಕಾರಿಗೆ ಬರೆದ ಬೆಲೆಯ ಶೇಕಡಾ 75 ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ ಹಾಕುತ್ತಾರೆ. ಹಳೆ ಕಾರಿಗೆ ಬರೆದ ಬೆಲೆಯೇ ಕಡಿಮೆ, ಹಾಗಾಗಿ ಆ ಗೆರೆ ಬೇಗ ದಾಟುತ್ತದೆ. ಅವರು ಪೂರ್ತಿ ನಷ್ಟ ಅಂದರೆ ಕಾರು ಸತ್ತಿತು ಅಂತಲ್ಲ. ಅದು ದುಡ್ಡಿನ ಲೆಕ್ಕ, ಲೋಹದ ಲೆಕ್ಕ ಅಲ್ಲ.

ರಾಡಿ ಹಸಿ ಇದ್ದಾಗಲೇ ತೊಳೆಯಿರಿ

ನಮ್ಮ ಸೀಮೆಯ ಮಾತು ಬೇರೆ ಆಗೋದು ಇಲ್ಲೇ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಹೊತ್ತು ತರುವ ರಾಡಿಯಲ್ಲಿ ಎರಿ ಮಣ್ಣು, ಅಂದರೆ ಕರಿ ಮಣ್ಣು ಜಾಸ್ತಿ. ಹೊಲದಲ್ಲಿ ನೋಡಿರುತ್ತೀರಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಹೋಗುವಷ್ಟು ಬಿರಿಯುತ್ತದೆ. ಅದೇ ಮಣ್ಣು ಕಾರಿನ ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಸಿಲ್ಲಿನೊಳಗೆ, ಬಾಗಿಲ ತಳದಲ್ಲಿ, ಬಾಡಿಯ ತಳದ ಪೊಳ್ಳು ಪಟ್ಟಿಯೊಳಗೆ ಕೂರುತ್ತದೆ. ಮೇಲೆ ಒಣಗಿ ಕಲ್ಲಾಗುತ್ತದೆ, ಒಳಗೆ ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ. ಕಾರನ್ನು ತಿನ್ನುವುದು ಪ್ರವಾಹದ ಆ ಮೂರು ದಿನದ ನೀರಲ್ಲ, ಆಮೇಲೆ ಮೂರು ವರ್ಷ ಒಳಗೇ ಕೂತ ಈ ಮಣ್ಣು.

ಹಾಗಾಗಿ ಒಂದೆರಡು ದಿನದೊಳಗೆ ತೊಳೆಯಿರಿ. ಒಣಗಿದ್ದರೆ ಗೋಣಿಚೀಲ ನೆನೆಸಿ ಹೊದಿಸಿ, ಒಂದು ರಾತ್ರಿ ಬಿಟ್ಟು ಮೆತ್ತಗೆ ಮಾಡಿ.

ಜೋರು ಪ್ರೆಶರಿನ ಪಂಪು ಬೇಡ. ಅದು ಕೆಸರನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ನೀರು ಜಾಸ್ತಿ, ಒತ್ತಡ ಕಡಿಮೆ ಇರಬೇಕು. ಸೀಟು, ಮ್ಯಾಟು, ಅದರ ಕೆಳಗಿನ ಫೆಲ್ಟ್ ಎಲ್ಲ ತೆಗೆದು ಹೊರಗಿಡಿ. ನೆಲದಲ್ಲಿ, ಸಿಲ್ಲಿನಲ್ಲಿ ಇರುವ ರಬ್ಬರ್ ಬಿರಡೆಗಳನ್ನು ಕಿತ್ತು ಪೈಪನ್ನು ಒಂದು ತುದಿಯಿಂದ ತೂರಿಸಿ. ಇನ್ನೊಂದು ತುದಿಯಿಂದ ಮೊದಲು ಕರಿ ನೀರು ಬರುತ್ತದೆ, ಆಮೇಲೆ ಚಹಾದ ಬಣ್ಣದ್ದು, ಕೊನೆಗೆ ತಿಳಿ ನೀರು. ತಿಳಿ ಬರುವ ತನಕ ನಿಲ್ಲಿಸಬೇಡಿ. ಮಾವನ ಕಾರಿನ ಎಡಗಡೆ ಸಿಲ್ ಒಂದಕ್ಕೇ ಒಂದು ಮಧ್ಯಾಹ್ನ ಹಿಡಿಯಿತು.

ಬಾಗಲಕೋಟೆ, ವಿಜಯಪುರದ ಎಷ್ಟೋ ಕಡೆ ಬೋರಿನ ನೀರು ಸವಳು. ರಾಡಿ ತೆಗೆಯಲು ಅದು ನಡೆಯುತ್ತದೆ. ಆದರೆ ಕೊನೆಯ ಸಲ ಸಿಹಿ ನೀರಿನಲ್ಲೇ ತೊಳೆಯಬೇಕು, ಒಂದು ಟ್ಯಾಂಕರ್ ತರಿಸಿದರೂ ಸರಿ. ಉಪ್ಪು ಒಳಗೆ ಉಳಿದರೆ ತುಕ್ಕು ಓಡಿ ಬರುತ್ತದೆ.

ಆಮೇಲೆ ನಾಲ್ಕೂ ಬಾಗಿಲು, ಬಾನೆಟ್ಟು, ಡಿಕ್ಕಿ ತೆರೆದಿಟ್ಟು ಗಾಳಿಗೆ ಬಿಡಿ. ಕನಿಷ್ಠ ಒಂದು ವಾರ. ಮಳೆ ನಿಂತಿರದಿದ್ದರೆ ಶೆಡ್ಡಿನಲ್ಲಿ ದೊಡ್ಡ ಫ್ಯಾನ್ ಹಚ್ಚಿ.

ಎಂಜಿನ್: ಅವಸರ ಬೇಡ, ತಡವೂ ಬೇಡ

ಡಿಪ್‌ಸ್ಟಿಕ್ ಎಳೆದು ನೋಡಿ. ಎಣ್ಣೆ ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಬೆರೆತಿದೆ. ಮಾಮೂಲಿ ಬಣ್ಣ ಇದ್ದರೂ ನಂಬಬೇಡಿ. ನೀರು ಎಣ್ಣೆಗಿಂತ ಭಾರ, ಎಂಜಿನ್ ಕೆಳಗಿನ ಎಣ್ಣೆ ಚೇಂಬರಿನ ತಳದಲ್ಲಿ ಕೂತಿರುತ್ತದೆ. ಕೆಳಗೆ ಬಟ್ಟಲಿಟ್ಟು ಡ್ರೇನ್ ಬೋಲ್ಟ್ ಸಡಿಲಿಸಿ. ಮೊದಲು ಬರುವುದು ನೀರೇ ಆದರೆ ಉತ್ತರ ಸಿಕ್ಕಿತು. ಗೇರ್‌ಬಾಕ್ಸ್, ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಎರಡನ್ನೂ ಹೀಗೇ ನೋಡಿ. ಓಡಿ ಬಿಸಿಯಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದರೆ ಗಾಳಿ ರಂಧ್ರದಿಂದ ನೀರು ಹೀರಿಕೊಳ್ಳುತ್ತದೆ. ಹೊರಗಿನಿಂದ ಏನೂ ಗೊತ್ತಾಗದು.

ಪೆಟ್ರೋಲ್ ಟ್ಯಾಂಕ್ ಖಾಲಿ ಮಾಡುವಾಗ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದು ಪಕ್ಕಕ್ಕಿಡಿ. ನೀರಿದ್ದರೆ ಕೆಳಗೆ ನಿಂತು ನಡುವೆ ಗೆರೆ ಮೂಡುತ್ತದೆ. ಬೀಡಿ ಸಿಗರೇಟು ದೂರ ಇರಲಿ.

ಈಗ ಸ್ಪಾರ್ಕ್ ಪ್ಲಗ್ ನಾಲ್ಕೂ ಬಿಚ್ಚಿ. ಡೀಸೆಲ್ ಆದರೆ ಇಂಜೆಕ್ಟರ್. ಪ್ರತಿ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ. ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧಕ್ಕರ್ಧ ಬೆರೆಸಿ ಒಂದೊಂದು ಸಿಲಿಂಡರಿಗೆ ನಾಲ್ಕೈದು ಚಮಚ ಹಾಕಿ, ರಾತ್ರಿ ಬಿಡಿ. ಬೆಳಿಗ್ಗೆ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸಿ. ಹಳೆ ಅಂಬಾಸಡರಿಗೆ ಮುಂದಿನಿಂದ ಹ್ಯಾಂಡಲ್ ಹಾಕುವ ವ್ಯವಸ್ಥೆ ಇರುವುದು ಇಂಥ ದಿನ ಬಹಳ ಉಪಕಾರಕ್ಕೆ ಬರುತ್ತದೆ. ಮಾವನ ಕಾರಿನ ಹ್ಯಾಂಡಲ್ ಮೊದಲ ದಿನ ಕದಲಲಿಲ್ಲ. ಎರಡನೇ ದಿನವೂ ಇಲ್ಲ. ಫಿಟ್ಟರ್ ಒತ್ತಾಯ ಮಾಡಲು ಬಿಡಲಿಲ್ಲ, ಮತ್ತೆ ಎಣ್ಣೆ ಹಾಕಿದ. ಐದನೇ ದಿನ ಅರ್ಧ ಬೆರಳು ಸರಿಯಿತು. ಅವನು ಮುಂದಕ್ಕೆ ಒಂಚೂರು, ಹಿಂದಕ್ಕೆ ಒಂಚೂರು, ಹಾಗೇ ಅರ್ಧ ಗಂಟೆ ಆಡಿಸಿದ. ಪೂರ್ತಿ ಸುತ್ತು ಬಂದಾಗ ಮೂರನೇ ಸಿಲಿಂಡರಿನ ತೂತಿನಿಂದ ಕಂದು ನೀರು ಪಿಚಕಾರಿಯಂತೆ ಹಾರಿ ಅವನ ಅಂಗಿಗೆ ಬಿತ್ತು. ಆ ನೀರು ಒಳಗಿದ್ದಾಗ ನಾವೇನಾದರೂ ಸೆಲ್ಫ್ ಹೊಡೆದಿದ್ದರೆ ಆ ರಾಡ್ ಅಂದೇ ಮುಗಿದಿತ್ತು.

ಎಂಜಿನ್ ಜಾಮ್ ಆದರೂ ಕಾರು ಬಿಡಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹಲವರು ಇಲ್ಲೇ ಕೈ ಚೆಲ್ಲುತ್ತಾರೆ. ಅಂಬಾಸಡರಿನ 1489 ಸಿಸಿ ಎಂಜಿನ್, ಪದ್ಮಿನಿಯ 1089 ಸಿಸಿ ಎಂಜಿನ್ ಎರಡೂ ನಮ್ಮ ಮಿಸ್ತ್ರಿಗಳು ಕಣ್ಣು ಮುಚ್ಚಿ ಬಿಚ್ಚುವಂಥವು. ಸಿಲಿಂಡರಿನ ಒಳಗೋಡೆ ಕೊರೆಸಿ ಬೋರ್ ಮಾಡಿಸಬಹುದು. ಈಗಾಗಲೇ ಕೊನೆಯ ಸೈಜಿಗೆ ಬೋರ್ ಆಗಿದ್ದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಬಹುದು. ಕ್ರ್ಯಾಂಕ್ ಗ್ರೈಂಡ್ ಮಾಡಿಸಬಹುದು. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿ, ಮಷೀನ್ ಶಾಪುಗಳಿಗೆ ಕೊರತೆ ಇಲ್ಲ. ನಮ್ಮ ಭಾಗದಲ್ಲಿ ಹಳೆ ಕಾರು ಇಟ್ಟುಕೊಂಡವರಿಗೆ ಇದೊಂದು ದೊಡ್ಡ ಅನುಕೂಲ.

ಬ್ಲಾಕ್ ಬಿರುಕು ಬಿಟ್ಟಿದ್ದರೆ, ರಾಡ್ ಬ್ಲಾಕನ್ನು ಒಡೆದು ಹೊರಗೆ ಬಂದಿದ್ದರೆ ಮಾತ್ರ ಬೇರೆ ಎಂಜಿನ್ ಹುಡುಕಬೇಕು. ಆಗ ಎಂಜಿನ್ ನಂಬರ್ ಬದಲಾಗುತ್ತದೆ, ಅದನ್ನು ಆರ್‌ಟಿಒದಲ್ಲಿ ಬರೆಸಬೇಕು.

ಬ್ರೇಕ್ ವಿಷಯದಲ್ಲಿ ಉಳಿತಾಯ ಮಾಡಬೇಡಿ. ಬ್ರೇಕ್ ಆಯಿಲ್ ನೀರು ಹೀರುತ್ತದೆ. ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ರಬ್ಬರ್ ಪೈಪು ಎಲ್ಲ ಹೊಸವು ಹಾಕಿ.

ಪತ್ರಾ: ಇಲ್ಲೇ ತೀರ್ಮಾನ

ಅಂಬಾಸಡರ್, ಪದ್ಮಿನಿ ಎರಡಕ್ಕೂ ಲಾರಿಯಂತೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಸಿಲ್, ನೆಲ, ಅಡ್ಡ ಪಟ್ಟಿ ಸೇರಿ ಭಾರ ಹೊರುತ್ತವೆ. ಅವು ಕೊಳೆತರೆ ಕಾರು ನಡುವೆ ಜೋತು ಬೀಳುತ್ತದೆ. ಹಳೆ ಜೀಪಿನ ಮಾತು ಬೇರೆ. ಅದಕ್ಕೆ ಏಣಿಯಂಥ ಚಾಸಿ ಇದೆ, ಮೇಲಿನ ತೊಟ್ಟಿ ಹೋದರೆ ಹೊಸ ತೊಟ್ಟಿ ಕೂರಿಸಬಹುದು. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಬೇರೆ ಚಾಸಿ ಇದೆ. ಹಾಗಾಗಿ ಮುಳುಗಿದ ಜೀಪನ್ನು ನಾನು ಬಹಳ ಸಲ ಉಳಿಸಿ ಅಂತಲೇ ಹೇಳುತ್ತೇನೆ.

ಕಾರನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ಏರಿಸಿ. ಬರೀ ಜ್ಯಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗಬೇಡಿ, ಮೆತ್ತಗಾದ ಪತ್ರಾ ಜ್ಯಾಕಿಗೆ ಕುಸಿಯುತ್ತದೆ. ಕೈಯಲ್ಲಿ ಒಂದು ಸ್ಕ್ರೂಡ್ರೈವರ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಇರಲಿ.

ಸ್ಕ್ರೂಡ್ರೈವರಿನ ಹಿಡಿಯಿಂದ ಸಿಲ್ ಉದ್ದಕ್ಕೂ ಬಡಿಯುತ್ತಾ ಹೋಗಿ. ಒಳ್ಳೆ ಪತ್ರಾ ಟಣ್ ಅನ್ನುತ್ತದೆ. ಕೊಳೆತದ್ದು, ಪುಟ್ಟಿ ತುಂಬಿದ್ದು ಒಣ ಕಟ್ಟಿಗೆಗೆ ಬಡಿದ ಹಾಗೆ ಡಬ್ ಅನ್ನುತ್ತದೆ. ಅಲ್ಲಿ ಅಯಸ್ಕಾಂತ ಹಿಡಿಯಿರಿ. ಜಾರಿ ಬಿದ್ದರೆ ಕೆಳಗೆ ಲೋಹ ಇಲ್ಲ, ಬರೀ ಪುಟ್ಟಿ. ಸ್ಕ್ರೂಡ್ರೈವರಿನ ಚೂಪು ಒತ್ತಿ ನೋಡಿ. ಒಳಗೆ ಹೋಯಿತಾ?

ಎಲ್ಲಿ ನೋಡಬೇಕು? ಹಿಂದಿನ ಪಾಟಾ ಸ್ಪ್ರಿಂಗ್ ಬಾಡಿಗೆ ಕೂರುವ ಎರಡೂ ತುದಿ. ಅಂಬಾಸಡರಿನಲ್ಲಿ ಮುಂದಿನ ಗಾಲಿಗಳಿಗೆ ಸ್ಪ್ರಿಂಗಿನ ಕೆಲಸ ಮಾಡುವ ಕಂಬಿಯ (ಟಾರ್ಷನ್ ಬಾರ್) ಹಿಂದಿನ ತುದಿ ಸಿಕ್ಕಿಸಿರುವ ಅಡ್ಡ ಪಟ್ಟಿ. ಸ್ಟಿಯರಿಂಗ್ ಬಾಕ್ಸ್ ಕೂರುವ ಜಾಗ. ಬಾಗಿಲಿನ ಕಂಬದ ಬುಡ. ಮುಂದಿನ ಮಡ್‌ಗಾರ್ಡಿನ ಹಿಂದುಗಡೆ ಕೆಸರು ಸಿಕ್ಕಿಹಾಕಿಕೊಳ್ಳುವ ಮೂಲೆ. ಬಾಗಿಲ ಪತ್ರಾ, ಡಿಕ್ಕಿಯ ನೆಲ, ಮಡ್‌ಗಾರ್ಡು ಹೋಗಿದ್ದರೆ ಚಿಂತೆ ಇಲ್ಲ, ಅವು ಬದಲಾಗುತ್ತವೆ. ಭಾರ ಹೊರುವ ಜಾಗ ಒಂದೆರಡು ಹೋಗಿದ್ದರೆ ಒಳ್ಳೆ ವೆಲ್ಡರ್ ಕತ್ತರಿಸಿ ಹೊಸ ಪತ್ರಾ ಕೂರಿಸುತ್ತಾನೆ. ಎರಡೂ ಸಿಲ್, ಅಡ್ಡ ಪಟ್ಟಿ, ಸ್ಪ್ರಿಂಗ್ ತುದಿ ಎಲ್ಲ ಹೋಗಿದ್ದರೆ ನೀವು ಕಾರು ರಿಪೇರಿ ಮಾಡುತ್ತಿಲ್ಲ, ಹೊಸ ಕಾರು ಕಟ್ಟುತ್ತಿದ್ದೀರಿ.

ಮುಧೋಳದ ಪದ್ಮಿನಿ ಸೋತಿದ್ದು ಇಲ್ಲೇ. ಹೊರಗಿನಿಂದ ಹೊಳೆಯುತ್ತಿತ್ತು, ಎರಡು ವರ್ಷದ ಹಿಂದಷ್ಟೇ ಪೇಂಟ್ ಆಗಿತ್ತು. ಆಗ ಪೇಂಟಿಂಗ್ ಮಾಡಿದವರು ಕೊಳೆತ ಸಿಲ್ಲಿನ ಮೇಲೆ ಬೆರಳು ದಪ್ಪ ಪುಟ್ಟಿ ಹಚ್ಚಿ ಬಣ್ಣ ಹೊಡೆದಿದ್ದರು. ಒಂದು ರಾತ್ರಿಯ ನೀರಿಗೆ ಪುಟ್ಟಿ ನೆಂದು ಹಪ್ಪಳದಂತೆ ಎದ್ದು ಬಂತು. ಹಿಂದೆ ಲೋಹವೇ ಇರಲಿಲ್ಲ. ಬಾಗಿಲು ತೆಗೆದರೆ ಮತ್ತೆ ಮುಚ್ಚಿಕೊಳ್ಳುತ್ತಿರಲಿಲ್ಲ, ಬಾಡಿ ಆಗಲೇ ಕುಸಿದಿತ್ತು. ಪ್ರವಾಹ ಆ ಕಾರನ್ನು ಕೊಂದಿರಲಿಲ್ಲ, ಮೊದಲೇ ಇದ್ದ ರೋಗವನ್ನು ತೋರಿಸಿತು. ಮಾವ ಮಾತ್ರ ಪ್ರತಿ ಬೇಸಿಗೆ ಸಿಲ್ಲಿನೊಳಗೆ ಎಣ್ಣೆ ಹೊಡೆಸುತ್ತಿದ್ದರು. ಅದನ್ನು ನಾವೆಲ್ಲ ಹಳೆ ಕಾಲದವರ ಚಟ ಅಂದುಕೊಂಡಿದ್ದೆವು.

ಉಳಿಸುವ ಕಾರಾದರೆ ಪೂರ್ತಿ ಒಣಗಿದ ಮೇಲೆ ಒಳಗಿನ ಪೊಳ್ಳು ಜಾಗಕ್ಕೆಲ್ಲ ತುಕ್ಕು ತಡೆಯುವ ಮೇಣ ಸಿಂಪಡಿಸಿ. ತೇವ ಇದ್ದಾಗ ಹೊಡೆದರೆ ತೇವವನ್ನು ಒಳಗೇ ಬೀಗ ಹಾಕಿದ ಹಾಗೆ.

ವೈರಿಂಗ್, ಸೀಟು

ವೈರಿಂಗ್ ಪೂರ್ತಿ ಹೊಸದು ಹಾಕಿ. ಹಳೆ ಕಾರಿನಲ್ಲಿ ವೈರು ಇರುವುದೇ ನಾಲ್ಕು ಹಿಡಿ, ಅದನ್ನು ಉಳಿಸಲು ಹೋಗಿ ಬೆಂಕಿಯ ಅಪಾಯ ತಂದುಕೊಳ್ಳುವುದು ಬೇಡ. ಡೈನಮೋ, ಸೆಲ್ಫ್ ಮೋಟರ್, ವೈಪರ್ ಮೋಟರ್ ಬಿಚ್ಚಿ ಸಿಹಿ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ಎಲೆಕ್ಟ್ರಿಷಿಯನ್ ಕೈಗೆ ಕೊಡಿ. ಸೀಟಿನ ನಾರು, ಸ್ಪಂಜು ಎಸೆಯಿರಿ, ವಾಸನೆ ಹೋಗುವುದಿಲ್ಲ. ಸ್ಪ್ರಿಂಗ್ ಫ್ರೇಮ್ ಇಟ್ಟುಕೊಳ್ಳಿ. ಮೀಟರು, ಹಿಡಿಕೆ, ಕ್ರೋಮ್ ಪಟ್ಟಿ, ಬ್ಯಾಡ್ಜ್ ಮಾತ್ರ ಜೋಪಾನ. ಸೀಟು ಯಾವ ಊರಲ್ಲಾದರೂ ಹೊಲಿಸಬಹುದು, ಇವು ಮತ್ತೆ ಸಿಗುವುದು ಕಷ್ಟ.

ಕಾಗದ ಗಟ್ಟಿ ಇದೆಯಾ?

ದುಡ್ಡು ಹಾಕುವ ಮೊದಲು ಇದನ್ನು ನೋಡಲೇಬೇಕು. ಚಾಸಿ ನಂಬರ್ ಓದಲು ಬರುತ್ತದಾ? ರಾಡಿ ತೊಳೆದು, ಎಣ್ಣೆ ಬಟ್ಟೆಯಿಂದ ಒರೆಸಿ, ಬಿಳಿ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಕ್ಷರ ಒಂದೊಂದೂ ಮೂಡಬೇಕು, ಆರ್‌ಸಿಗೆ ತಾಳೆ ಆಗಬೇಕು. ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಡಿ, ಇರುವ ನಂಬರೂ ಹೋಗುತ್ತದೆ.

ಆರ್‌ಸಿ ನೀರು ಪಾಲಾಗಿದ್ದರೆ ಪೊಲೀಸ್ ಠಾಣೆಯಲ್ಲಿ ತಿಳಿಸಿ, ಫಾರಂ 26ರಲ್ಲಿ ನಕಲು ಆರ್‌ಸಿ ಕೇಳಬಹುದು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನಿಮ್ಮದು ಎಷ್ಟು ವರ್ಷದಿಂದ ಬಾಕಿ ಇದೆ, ದಂಡ ಎಷ್ಟಾಗುತ್ತದೆ ಅಂತ ಮೊದಲೇ ವಿಚಾರಿಸಿ.

ಕಾರಿಗೆ 50 ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ ಇನ್ನೊಂದು ದಾರಿ ಇದೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ ಇರುತ್ತದೆ. ಆದರೆ ಆ ನಂಬರಿನ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥ ಕೆಲಸಕ್ಕಷ್ಟೇ. ಸಂತೆಗೆ, ಮದುವೆಗೆ ಅಂತ ಓಡಿಸುವ ಮನಸ್ಸಿದ್ದರೆ ಮಾಮೂಲಿ ನೋಂದಣಿಯೇ ಸರಿ.

ಲೆಕ್ಕ ಬರೆಯಿರಿ

ಎರಡು ವಾರದ ಪರೀಕ್ಷೆ ಆದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪತ್ರಾ ಕೆಲಸ, ಎಂಜಿನ್, ಬ್ರೇಕ್ ಮತ್ತು ಗಾಲಿ, ವೈರಿಂಗ್, ಸೀಟು, ಕಾಗದ. ಒಂದೊಂದಕ್ಕೂ ಇಬ್ಬರಿಂದ ದರ ಕೇಳಿ. ಬಂದ ಮೊತ್ತಕ್ಕೆ ಮೂರರಲ್ಲಿ ಒಂದು ಪಾಲು ಇನ್ನೂ ಸೇರಿಸಿ. ಬಿಚ್ಚಿದ ಮೇಲೆ ಕಾಣುವುದು ಯಾವಾಗಲೂ ಜಾಸ್ತಿಯೇ. ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಿರಿ: ಇದೇ ಮಾಡೆಲಿನ, ಚೆನ್ನಾಗಿ ಓಡುವ ಕಾರು ಇವತ್ತು ಎಷ್ಟಕ್ಕೆ ಸಿಗುತ್ತದೆ?

ಅಂಬಾಸಡರ್ ತಯಾರಿ ನಿಂತಿದ್ದು 2014ರಲ್ಲಿ. ಒಳ್ಳೆ ಕಾರು ಇನ್ನೂ ಹುಡುಕಿದರೆ ಸಿಗುತ್ತದೆ. ಹಾಗಾಗಿ ಮಾರುವ ಉದ್ದೇಶಕ್ಕೆ ಉಳಿಸುವುದಾದರೆ, ಖರ್ಚು ಆ ಬೆಲೆ ದಾಟುವಂತಿದ್ದರೆ ಬಿಡಿ. ಮನೆಯ ಕಾರು, ಅಪ್ಪ ಓಡಿಸಿದ್ದು, ಅಕ್ಕನ ಮದುವೆಯ ದಿಬ್ಬಣ ಹೋದದ್ದು ಅಂತಿದ್ದರೆ ದಾಟಲಿ, ತಪ್ಪಿಲ್ಲ. ನಾವೂ ದಾಟಿದೆವು. ಆದರೆ ಎಷ್ಟು ದಾಟುತ್ತಿದ್ದೇವೆ ಅಂತ ಗೊತ್ತಿದ್ದೇ ದಾಟಿದೆವು. ಮನೆ ಗೋಡೆ ಬಿದ್ದಿದ್ದರೆ ಮೊದಲು ಗೋಡೆ. ತೊಳೆದು, ಒಣಗಿಸಿ, ಎಂಜಿನ್ನಿಗೆ ಎಣ್ಣೆ ತುಂಬಿಸಿಟ್ಟ ಕಾರು ಒಂದು ವರ್ಷ ಕಾಯುತ್ತದೆ. ತೊಳೆಯದ ಕಾರು ಒಂದು ತಿಂಗಳೂ ಕಾಯುವುದಿಲ್ಲ.

ಬಿಡುವುದಾದರೆ

ಇಡೀ ಕಾರನ್ನು ತೂಕಕ್ಕೆ ಹಾಕಬೇಡಿ. ಗೆಳೆಯನ ಪದ್ಮಿನಿಯ ಗಾಜು, ನಾಲ್ಕು ಬಾಗಿಲು, ಗೇರ್‌ಬಾಕ್ಸ್, ಗ್ರಿಲ್ ಬೇರೆ ಬೇರೆ ಊರಿನ ಪದ್ಮಿನಿಗಳಿಗೆ ಹೋದವು. ಬಂದ ದುಡ್ಡು ಭಂಗಾರದವನು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ. ಎಂಜಿನ್ ಕೊಡುವಾಗ ಯಾರಿಗೆ, ಯಾವ ದಿನ ಕೊಟ್ಟಿರಿ ಅಂತ ಬರೆಸಿಕೊಳ್ಳಿ.

ಚಾಸಿ ನಂಬರ್ ಇರುವ ಪತ್ರಾ ಮತ್ತು ಆರ್‌ಸಿಯನ್ನು ಮಾತ್ರ ಯಾರಿಗೂ ಮಾರಬೇಡಿ. ಕಾಗದಕ್ಕೆ ಬೇರೆ ದುಡ್ಡು ಕೊಡುತ್ತೇನೆ ಅಂತ ಯಾರಾದರೂ ಬಂದರೆ, ಕದ್ದ ಕಾರಿಗೆ ನಿಮ್ಮ ನಂಬರ್ ಕೂರಿಸುವ ಸಂಚು ಇರಬಹುದು. ಆಮೇಲೆ ಪೊಲೀಸರು ಹುಡುಕಿ ಬರುವುದು ನಿಮ್ಮ ಮನೆಗೆ. ಆ ಪತ್ರಾ ತುಂಡು ಕಳೆಯದಂತೆ ಇಟ್ಟುಕೊಂಡು, ಈಗಿನ ನಿಯಮ ವಿಚಾರಿಸಿ, ಆರ್‌ಸಿ ಜೊತೆ ಆರ್‌ಟಿಒಗೆ ಹೋಗಿ ನೋಂದಣಿ ರದ್ದಿಗೆ ಅರ್ಜಿ ಕೊಡಿ. ರದ್ದಾದ ಪತ್ರ ಕೈಗೆ ಬಂದ ಮೇಲೆ ಉಳಿದ ಬಾಡಿಯನ್ನು ಗಾಡಿಗೆ ಏರಿಸಿ ಕಳಿಸಿ.